ಎಡಕ್ಕೆ ಬೀಳದ ಗೋಲ್‌ಕೀಪರ್

ಹೋದ ಸೀಸನ್ನಿನಲ್ಲಿ ನಮ್ಮ ತಂಡ ಲೀಗ್ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದು. ಕಡೆಯ ಪಂದ್ಯ ಡ್ರಾ ಆದದ್ದರಿಂದ ಕೆಳಗಿನ ದರ್ಜೆಗೆ ಇಳಿಯದೆ ಉಳಿದೆವು. ಇದನ್ನು ಹೋರಾಟ ಎಂದು ಕರೆದವರಿದ್ದಾರೆ. ಆ ಡ್ರಾ ಆದದ್ದು ಎದುರಾಳಿಯ ಹೊಡೆತ ಎರಡು ಸಲ ಗೋಲಿನ ಕಂಬಕ್ಕೆ ಬಡಿದು ವಾಪಸು ಬಂದದ್ದರಿಂದ. ಕಂಬಕ್ಕೆ ಹೋರಾಟದ ಮನೋಭಾವ ಇರುತ್ತದೆಂದು ಇದುವರೆಗೆ ಯಾರೂ ನನಗೆ ಸಾಬೀತು ಮಾಡಿಲ್ಲ.

ಹಾಕಿ ಎಂದರೆ ಎಲ್ಲರೂ ಕೊಡಗಿನ ಕಡೆ ಕೈ ತೋರಿಸುತ್ತಾರೆ. ನಮ್ಮ ಕಡೆಯೂ ಒಂದು ತಂಡ ಇದೆ ಎಂದರೆ ಹುಬ್ಬೇರಿಸುತ್ತಾರೆ. ಮೂಡಿಗೆರೆ, ಕಳಸ ಕಡೆಯ ಕೆಲವು ಕಾಫಿ ಬೆಳೆಗಾರರು ಸೇರಿ ಕಟ್ಟಿದ ತಂಡ ಅದು. ಆಟಗಾರರಿಗೆ ಒಂದೊಂದೇ ವರ್ಷದ ಕರಾರು. ಹೊರಗಿನಿಂದ ಬಂದವರಿಗೆ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದುಕೊಡುತ್ತಾರೆ. ಊರಿನವರಿಗಾದರೆ ಯಾವುದಾದರೊಬ್ಬ ಮಾಲೀಕರ ಎಸ್ಟೇಟಿನಲ್ಲಿ ಒಂದು ಕೆಲಸ, ಒಂದು ಕ್ವಾರ್ಟರ್ಸ್. ನನ್ನ ಅಣ್ಣ ತಂಡದ ಗೋಲ್‌ಕೀಪರ್. ಕಾಗದದ ಮೇಲೆ ಅವನು ಜಾವಳಿ ಹತ್ತಿರದ ಒಂದು ಎಸ್ಟೇಟಿನ ರೈಟರ್, ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಬರೆಯುವವನು. ಅತ್ತಿಗೆ ಅದೇ ಎಸ್ಟೇಟಿನ ಬಾಲವಾಡಿಯಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಕಾನೂನು ಓದಿ ಮುಗಿಸಿ ಮೂಡಿಗೆರೆಯ ವಕೀಲರೊಬ್ಬರ ಆಫೀಸಿನಲ್ಲಿ ಫೈಲು ಹೊರುತ್ತಿರುವ ಅವನ ತಂಗಿ ನಾನು ಆ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಮಲಗುತ್ತೇನೆ. ಗೋಲ್‌ಕೀಪರನ ಕರಾರು ಹೋದರೆ ರೈಟರ್ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಬಾಲವಾಡಿಯೂ ಹೋಗುತ್ತದೆ. ಹಾಗಾಗಿ ಮಳೆಗಾಲ ನಮಗೆ ಆಟವಿಲ್ಲದ ಕಾಲ ಅಷ್ಟೇ ಆಗಿರಲಿಲ್ಲ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಕಾಯುವ ಕಾಲವೂ ಆಗಿತ್ತು.

ಎಸ್ಟೇಟುಗಳಲ್ಲಿ ಅದು ಮರಗಸಿಯ ಸಮಯ. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಎಂದು ನೆರಳಿನ ಮರಗಳ ಕೊಂಬೆ ಕಡಿಯುತ್ತಾರೆ. ತಂಡದವರು ಫೋನಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದೂ ಅದನ್ನೇ, "ಈ ಸಲ ನಮ್ಮಲ್ಲಿ ಮರಗಸಿ ಯಾರಿಗಂತೆ?" ಕೋಚ್ ಆಗಲೇ ಗಂಟುಮೂಟೆ ಕಟ್ಟಿದ್ದರು. ಪೆನಾಲ್ಟಿ ಕಾರ್ನರ್ ಹೊಡೆಯಲು ಪಂಜಾಬಿನಿಂದ ಕರೆಸಿದ್ದವನು ಮತ್ತೆ ಬರುವುದಿಲ್ಲ ಎಂಬ ಸುದ್ದಿ ಇತ್ತು. ಎಡಗಡೆಯ ಡಿಫೆಂಡರ್ ಆದ ಕ್ಯಾಪ್ಟನ್‌ನ ಕಥೆ ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದರು, ಏಕೆಂದರೆ ನಾವು ತಿಂದ ಗೋಲುಗಳಲ್ಲಿ ಹೆಚ್ಚಿನವು ಆ ಕಡೆಯಿಂದಲೇ ಬಂದಿದ್ದವು. ಗೋಲ್‌ಕೀಪರ್ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಅಣ್ಣನನ್ನು ಕಾಡುತ್ತಿದ್ದದ್ದು ಅದೇ.

ಒಂದು ದಿನ ಗೋಣಿಬೀಡಿನಲ್ಲಿ ಬಸ್ಸಿಗೆ ಕಾಯುತ್ತಾ ಟೀ ಕುಡಿಯುತ್ತಿದ್ದಾಗ ಅಂಗಡಿಯವರು ಅಣ್ಣನ ಗುರುತು ಹಿಡಿದರು.

"ಏನ್ ಮಾರಾಯ, ಈ ವರ್ಷವಾದ್ರೂ ಗೋಲಿಗೆ ಒಂದು ಬಾಗ್ಲು ಇಡ್ಸಿ. ಒಳಗಿಂದ ಚಿಲ್ಕ ಹಾಕ್ಕೊಂಡು ನಿಂತ್ರಾಯ್ತು."

"ಬಡಗಿ ಸಿಕ್ತಿಲ್ಲ ಅಣ್ಣಾ. ನಿಮ್ಗೆ ಗೊತ್ತಿದ್ರೆ ಕಳ್ಸಿ," ಎಂದ ಅಣ್ಣ. ನಕ್ಕ ಕೂಡ. ಆದರೆ ಟೀ ಅರ್ಧ ಬಿಟ್ಟು ಎದ್ದ.

ಅತ್ತಿಗೆಗೆ ಎಲ್ಲದರಲ್ಲೂ ಶಕುನ ಕಾಣತೊಡಗಿತ್ತು. ಮಳೆಗೆ ಮುಂಚೆ ಹೆಂಚು ಸರಿ ಮಾಡಲು ಆಫೀಸಿನಿಂದ ಆಳು ಕಳಿಸುವುದು ರೂಢಿ, ಈ ವರ್ಷ ಕಳಿಸಿರಲಿಲ್ಲ. ಬೇರೆ ಕ್ವಾರ್ಟರ್ಸುಗಳಿಗೂ ಕಳಿಸಿಲ್ಲ, ಹಾಗಾಗಿ ಇದರಿಂದ ಏನೂ ತೀರ್ಮಾನಿಸಲಾಗದು ಎಂದು ನಾನು ವಾದಿಸಿದೆ. "ಹಾಗಾದ್ರೆ ಎಲ್ರನ್ನೂ ತೆಗೀತಾರೇನೋ," ಎಂದಳು. ಮರುವಾರ ಹೊರನಾಡಿಗೆ ಹೋಗಿ ಹರಕೆ ಹೇಳಿಕೊಂಡು ಬಂದಳು.

"ಬೇರೆ ಗೋಲ್‌ಕೀಪರ್‌ಗಳ ಹೆಂಡ್ತೀರೂ ಹೇಳ್ಕೊಂಡಿದ್ರೆ ದೇವಿ ಯಾರ ಮಾತು ಕೇಳ್ತಾಳೆ ಅತ್ತಿಗೆ?"

"ಅವ್ರು ಮೊದ್ಲು ಬಸ್ ಹಿಡೀಲಿ. ಆ ತಿರುವಿನಲ್ಲಿ ಎರಡು ಸಲ ವಾಂತಿ ಮಾಡ್ಕೊಂಡು ಹೋಗಿ ಬಂದವಳು ನಾನು."



ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಬೇರೆಲ್ಲಾದರೂ ಇದೆಯೋ ಗೊತ್ತಿಲ್ಲ. ಕರಾರು ಮುಂದುವರಿಸುವ ಮೊದಲು ಮಾಲೀಕರ ಕಮಿಟಿ ಕ್ಲಬ್ಬಿನ ಇಸ್ಪೀಟು ಕೋಣೆಯಲ್ಲಿ ಕೂರುತ್ತದೆ. ಆಟಗಾರರು ಒಬ್ಬೊಬ್ಬರಾಗಿ ಒಳಗೆ ಹೋಗಿ ಐದು ನಿಮಿಷ ತಮ್ಮ ಪರವಾಗಿ ತಾವೇ ಮಾತಾಡಬೇಕು. ಕ್ಯಾಪ್ಟನ್ ಮೂಲೆಯಲ್ಲಿ ಕುಳಿತು ಎಲ್ಲರದ್ದನ್ನೂ ಕೇಳಿಸಿಕೊಳ್ಳುತ್ತಾನೆ, ಬಾಯಿ ತೆರೆಯುವಂತಿಲ್ಲ. ನಿಯಮ ಒಂದೇ, ಬೇರೆ ಆಟಗಾರನ ಹೆಸರು ಎತ್ತಬಾರದು. ತಪ್ಪು ಹೊರಿಸಲೂ ಇಲ್ಲ, ಹೊಗಳಲೂ ಇಲ್ಲ. ಹಿಂದೆ ಯಾವಾಗಲೋ ಇಬ್ಬರು ಒಬ್ಬರ ಮೇಲೊಬ್ಬರು ದೂರು ಹೇಳಿ ಕ್ಲಬ್ಬಿನ ವರಾಂಡದಲ್ಲೇ ಕಾಲರ್ ಹಿಡಿದುಕೊಂಡರಂತೆ. ಅಂದಿನಿಂದ ಹೀಗೆ.

ಐದು ನಿಮಿಷ, ಒಂದು ನಿಲುವು, ತೀರ್ಪುಗಾರರು. ಇದು ನನ್ನ ಅಂಗಳ. ಕಾಲೇಜಿನ ಐದೂ ವರ್ಷ ನಾನು ಚಿಕ್ಕಮಗಳೂರಿನಿಂದ ಹಿಡಿದು ಎಲ್ಲೆಲ್ಲಿ ಚರ್ಚಾಸ್ಪರ್ಧೆ ನಡೆದರೂ ಹೋಗಿದ್ದೇನೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಅಣ್ಣನ ಭಾಷಣ ನಾನೇ ಬರೆದೆ. ಹೋದ ಸೀಸನ್ನಿನ ಎಲ್ಲ ಪಂದ್ಯಗಳ ವಿಡಿಯೋವನ್ನು ಫೋನಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದೆ. ವಾದದ ತಿರುಳು ಇಷ್ಟು: ಗೋಲುಗಳು ಬಂದದ್ದು ಎಡಗಡೆಯಿಂದ. ಆ ಬದಿ ತೆರೆದುಕೊಂಡಾಗ ಗೋಲ್‌ಕೀಪರ್ ಒಬ್ಬನೇ ಎಷ್ಟನ್ನು ತಡೆಯಬಲ್ಲ? ಯಾರ ಹೆಸರೂ ಇಲ್ಲ, ನಿಯಮ ಮುರಿದಿಲ್ಲ. ಆದರೆ ಎಡಗಡೆ ಯಾರು ಆಡುತ್ತಾರೆ ಎಂಬುದು ಆ ಕೋಣೆಯ ಇಸ್ಪೀಟು ಎಲೆಗಳಿಗೂ ಗೊತ್ತಿತ್ತು. ಬರೆದು ಮುಗಿಸಿ ನಾನು ಬೀಗಿದೆ ಎಂದು ಒಪ್ಪಿಕೊಳ್ಳಬೇಕು.

ಭಾನುವಾರ ಮಧ್ಯಾಹ್ನ ಅಭ್ಯಾಸಕ್ಕೆ ಕೂತೆವು. ಅತ್ತಿಗೆ ಫೋನಿನಲ್ಲಿ ಸಮಯ ನೋಡುತ್ತಾ ಪಾತ್ರೆಯ ಮುಚ್ಚಳ ಮತ್ತು ಸೌಟು ಹಿಡಿದು ಗಂಟೆಯವಳಾದಳು. ಅಣ್ಣ ನಾಲ್ಕೂವರೆ ನಿಮಿಷಕ್ಕೆ ಚೆನ್ನಾಗಿಯೇ ಮುಗಿಸಿದ. ಆಮೇಲೆ ನನ್ನ ಸರದಿ. ಎದುರಾಳಿಯ ವಾದವನ್ನು ಎದುರಾಳಿಗಿಂತ ಗಟ್ಟಿಯಾಗಿ ನೀನೇ ಮೊದಲು ಕಟ್ಟಿ ನೋಡು ಎಂದು ನಮ್ಮ ಲೆಕ್ಚರರ್ ಹೇಳಿಕೊಟ್ಟಿದ್ದರು. ನಾನು ಕಮಿಟಿ ಅಧ್ಯಕ್ಷರ ಗತ್ತಿನಲ್ಲಿ ಕುರ್ಚಿ ಎಳೆದುಕೊಂಡು ಕೂತೆ.

"ಒಂದು ಪ್ರಶ್ನೆ. ನಿಮ್ಮ ಎಡಕ್ಕೆ ದೂರವಾಗಿ ಬಂದ ಚೆಂಡಿಗೆ ಹೋದ ಸೀಸನ್ನಲ್ಲಿ ನೀವು ಒಂದು ಸಲವಾದ್ರೂ ಬಿದ್ದಿದ್ದೀರಾ?"

ಅಣ್ಣ ಭಾಷಣದ ಹಾಳೆಯನ್ನು ಮಡಚಿ ಕೆಳಗಿಟ್ಟ.

"ಅದರ ಹಿಂದಿನ ವರ್ಷ ನಿಮ್ಮ ಎಡ ಭುಜ ಕಳಚಿತ್ತು. ಡಾಕ್ಟರ್ ಸರಿ ಇದೆ ಅಂದ್ರು, ಆಡೋಕೆ ಬಂದ್ರಿ. ಆವತ್ತಿಂದ ಬಲಕ್ಕೆ ಚೆಂಡು ಬಂದ್ರೆ ಮೈ ಚೆಲ್ಲಿ ಬೀಳ್ತೀರಿ. ಎಡಕ್ಕೆ ಬಂದ್ರೆ ಕಾಲು ಚಾಚ್ತೀರಿ, ಅಷ್ಟೇ. ಬೇಕಾದ್ರೆ ವಿಡಿಯೋ ತೋರಿಸ್ತೀನಿ. ಇನ್ನೊಂದು. ಎಡಗಡೆ ತೆರೆದುಕೊಳ್ತು ಅಂತೀರಿ. ಆ ಡಿಫೆಂಡರ್ ತನ್ನ ಜಾಗ ಬಿಟ್ಟು ಅಷ್ಟು ಒಳಗೆ ಬಂದು ಯಾಕೆ ನಿಲ್ತಿದ್ರು? ನಿಮ್ಮ ಎಡ ಮುಚ್ಚೋಕೆ. ಅವ್ರು ಬಿಟ್ಟ ಜಾಗದಿಂದ ಗೋಲು ಬಂತು. ಅದು ಯಾರ ಗೋಲು?"

ಇಷ್ಟನ್ನು ಹೇಳುವಾಗ ನನಗೆ ಆಗುತ್ತಿದ್ದದ್ದು ಶುದ್ಧ ಖುಷಿ. ಕೊಂಡಿಗೆ ಕೊಂಡಿ ಸೇರುತ್ತಿತ್ತು. ವಿಡಿಯೋ ನೋಡುವಾಗ ಕಣ್ಣಿಗೆ ಬಿದ್ದಿದ್ದ ಚೂರುಪಾರು ಮಾತಾಡುತ್ತಾ ಮಾತಾಡುತ್ತಾ ಒಂದು ವಾದವಾಗಿ ನಿಂತುಬಿಟ್ಟಿತ್ತು. ಅತ್ತಿಗೆ ಮುಚ್ಚಳ ಬಡಿಯುವುದನ್ನು ಮರೆತು ಕೂತಿದ್ದಳು.

"ಇದಕ್ಕೆ ಉತ್ತರ ಏನು?" ಅಣ್ಣ ಕೇಳಿದ.

"ಸುಲಭ. ಡಾಕ್ಟರ ಪತ್ರ ತೋರ್ಸು. ಆಡಲು ಯೋಗ್ಯ ಅಂತ ಬರೆದಿದ್ದಾರೆ. ಅದನ್ನ ಕಮಿಟಿಯೇ ಒಪ್ಪಿಕೊಂಡಿತ್ತಲ್ಲ ಅಂತ ತಿರುಗಿಸಿ ಕೇಳು. ಅಲ್ಲಿಗೆ ಮುಗೀತು."

"ಅದು ಉತ್ತರ. ನಾನು ಕೇಳ್ತಿರೋದು ನೀನು ಹೇಳಿದ್ದು ನಿಜವಾ ಅಂತ."

"ಅದು ಬೇರೆ ಪ್ರಶ್ನೆ ಅಣ್ಣ."

ಅವನು ಎಡಗೈಯನ್ನು ನಿಧಾನವಾಗಿ ಮೇಲೆತ್ತಿ ಇಳಿಸಿದ. ಬೇರೆ ಯಾರದ್ದೋ ಕೈ ಎನ್ನುವ ಹಾಗೆ ಅದನ್ನೇ ನೋಡಿದ. ವಿಡಿಯೋ ತೋರಿಸು ಎಂದ. ತೋರಿಸಿದೆ. ಎರಡು ಸಲ ನೋಡಿ ಫೋನು ವಾಪಸು ಕೊಟ್ಟ.

ಗುರುವಾರ ಕಮಿಟಿ ಮುಗಿಸಿ ಬಂದವನು ಶೂ ಬಿಚ್ಚುತ್ತಾ, "ತೀರ್ಮಾನ ಆಗ್ಲಿಲ್ಲ. ಆಗಸ್ಟ್ ಕೊನೆಗೆ ಟ್ರಯಲ್ ಅಂತೆ," ಎಂದ. ಟ್ರಯಲ್ ಯಾರಿಗೆ, ಯಾಕೆ, ನಾನು ಬರೆದದ್ದನ್ನು ಹೇಳಿದನೋ ಇಲ್ಲವೋ, ಎಷ್ಟು ಕೇಳಿದರೂ ಉತ್ತರವಿಲ್ಲ. ಹಂಡೆಯಲ್ಲಿ ನೀರು ಕಾದಿದೆಯಾ ಎಂದು ಅತ್ತಿಗೆಯನ್ನು ಕೇಳಿ ಒಳಗೆ ಹೋದ. ಅಡುಗೆಮನೆಯಲ್ಲಿ ಅತ್ತಿಗೆ ಅಟ್ಟದ ಮೇಲಿನ ಟ್ರಂಕುಗಳನ್ನು ಎಣಿಸುವವಳಂತೆ ಮೇಲೆ ನೋಡುತ್ತಾ ನಿಂತಿದ್ದಳು.

ಮಾರನೆಯ ದಿನ ಆಫೀಸಿಗೆ ಹೋಗುವ ದಾರಿಯಲ್ಲಿ ಕ್ಯಾಪ್ಟನ್‌ನ ಗ್ಯಾರೇಜಿನ ಮುಂದೆ ಸ್ಕೂಟರ್ ನಿಲ್ಲಿಸಿದೆ. ಅವನ ಅಜ್ಜನ ಕಾಲದಿಂದ ಎಸ್ಟೇಟುಗಳ ಜೀಪು ರಿಪೇರಿ ಮಾಡುವ ಮುಸ್ಲಿಂ ಮನೆತನ. ಸೀಸನ್ ಇಲ್ಲದಾಗ ಕ್ಯಾಪ್ಟನ್ ದಿನವಿಡೀ ಯಾವುದಾದರೊಂದು ಜೀಪಿನ ಕೆಳಗೇ ಇರುತ್ತಾನೆ. ಅವತ್ತೂ ಕಾಲು ಮಾತ್ರ ಕಾಣುತ್ತಿತ್ತು.

"ಬಂದ್ಯಾ ಲಾಯರಮ್ಮ," ಎಂದು ಒಳಗಿಂದಲೇ ಹೇಳಿದ. "ನಿನ್ನಣ್ಣನಿಗೆ ಮಂಡೆ ಸಮ ಇದೆಯಾ?"

"ಯಾಕೆ, ಏನಾಯ್ತು?"

ಹೊರಗೆ ಜಾರಿ ಬಂದು ಎದ್ದು ಕೂತು ಕೈಗೆ ಹತ್ತಿದ್ದ ಗ್ರೀಸ್ ಒರೆಸಿಕೊಂಡ. "ಏನಾಯ್ತಾ? ಕಮಿಟಿ ತೆಗೆಯೋರ ಲಿಸ್ಟಲ್ಲಿ ಅವನ ಹೆಸ್ರೇ ಇರ್ಲಿಲ್ಲ. ಕರೆಸಿದ್ದು ಪದ್ಧತಿಗೆ. ಎರಡು ನಿಮಿಷ ಮಾತಾಡಿ ಸೈನ್ ಹಾಕಿ ಬರೋದು. ಲಿಸ್ಟಲ್ಲಿದ್ದದ್ದು ನಾನು. ಇವನು ಒಳಗೆ ಬಂದ, ಕೂತ್ಕೊಳ್ಲಿಲ್ಲ. ಭುಜ ಹೋದ್ಮೇಲೆ ನಾನು ಎಡಕ್ಕೆ ಬೀಳ್ತಿಲ್ಲ, ಅದಕ್ಕೆ ಎಡಗಡೆಯ ಗೋಲೆಲ್ಲ ನನ್ನ ಲೆಕ್ಕಕ್ಕೆ ಹಾಕಿ ಅಂದ. ಅಷ್ಟೇ. ಇನ್ನೂ ನಾಲ್ಕು ನಿಮಿಷ ಇದೆ, ಏನಾದ್ರೂ ಹೇಳೋದಿದ್ಯಾ ಅಂತ ಕೇಳಿದ್ರು. ಇಲ್ಲ ಅಂದ."

ಕ್ಯಾಪ್ಟನ್‌ನ ಹೆಸರು ಎತ್ತಿ, ತಪ್ಪು ಅವನದಲ್ಲ ಎಂದಿದ್ದರೆ ನಿಯಮ ಮುರಿಯುತ್ತಿತ್ತು. ಅದಕ್ಕೇ ತನ್ನ ತಪ್ಪು ಮಾತ್ರ ಹೇಳಿದ ಎಂದು ಕ್ಯಾಪ್ಟನ್ ಆಮೇಲೆ ಬಿಡಿಸಿ ಹೇಳಿದ.

"ನಿಮ್ಗೆ ಮೊದ್ಲೇ ಗೊತ್ತಿತ್ತಾ? ಅವನು ಎಡಕ್ಕೆ ಬೀಳಲ್ಲ ಅಂತ?"

"ಹಿಂದೆ ಯಾರು ನಿಂತಿದ್ದಾನೆ ಅಂತ ಡಿಫೆಂಡರ್‌ಗೆ ಗೊತ್ತಿರಲ್ವಾ ತಂಗಿ?" ಎಂದ. "ಅವನಿಗೇ ಗೊತ್ತಿರ್ಲಿಲ್ಲ. ಅದನ್ನ ಯಾರು ಅವನ ತಲೆಗೆ ಹಾಕಿದ್ರೋ."

ನಾನು ಹಾಕಿದೆ ಎಂದೆ. ಕ್ಯಾಪ್ಟನ್ ಸ್ಪ್ಯಾನರ್ ಎತ್ತಿಕೊಂಡು ಮತ್ತೆ ಜೀಪಿನ ಕೆಳಗೆ ಹೋದ. ಬೈಯಲಿಲ್ಲ. ಅವನ ಜಾಗ ಉಳಿದದ್ದು ನನ್ನ ತಪ್ಪಿನಿಂದ, ಇನ್ನು ಹೇಗೆ ಬೈಯುತ್ತಾನೆ.

ಆ ವಾರ ನಾನು ನಿದ್ದೆಗೆಟ್ಟೆ. ಎದುರಾಳಿಗೆ ಹೊಳೆಯದೇ ಇದ್ದ ವಾದವನ್ನು ನಾನೇ ಕಟ್ಟಿ, ನಮ್ಮವನ ಬಾಯಿಂದಲೇ ಹೇಳಿಸಿದ್ದೆ. ಇದನ್ನು ಸರಿಪಡಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ಮತ್ತೆ ವಾದ. ಅಧ್ಯಕ್ಷರನ್ನು ಕಾಣಲು ಅವರ ಎಸ್ಟೇಟ್ ಆಫೀಸಿಗೆ ಹೋದೆ. ಎಪ್ಪತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಫೋನು ಮೇಜಿನ ಮೇಲಿಟ್ಟು, ಅಣ್ಣ ಎಡಕ್ಕೆ ಕಾಲು ಚಾಚಿಯೇ ತಡೆದ ಚೆಂಡುಗಳನ್ನು ಒಂದಾದ ಮೇಲೊಂದು ತೋರಿಸಿದೆ. ಬೀಳದಿರುವುದು ದೌರ್ಬಲ್ಯವಲ್ಲ, ಶೈಲಿ ಎಂದೆ. ಡಾಕ್ಟರ ಪತ್ರ ಎಂದೆ. ಕುಗ್ಗಿದ ಮನಸ್ಸಿನಲ್ಲಿ ಹೇಳಿದ ಮಾತನ್ನು ಒಪ್ಪಿಗೆ ಎಂದು ಹಿಡಿಯಬಾರದು ಎಂದೂ ಹೇಳಿದೆ.

ಅವರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚೆನ್ನಾಗಿ ಮಾತಾಡ್ತೀಯಮ್ಮ. ಈಗ ನೀನು ಹೇಳಿದ್ದು ನಿಜವಾ, ಅವನು ಹೇಳಿದ್ದು ನಿಜವಾ?"

"ಎರಡಕ್ಕೂ ಆಧಾರ ಇದೆ ಸರ್."

"ಆಧಾರ ಕೇಳ್ಲಿಲ್ಲ."

ಎದುರು ಕುಳಿತವರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳದೆ ಕೂತದ್ದು ಅದೇ ಮೊದಲು. ಕಾಫಿ ಬಂತು, ಕುಡಿದೆ. ಕೊಡಗಿನಿಂದ ಇಪ್ಪತ್ತೆರಡು ವರ್ಷದ ಒಬ್ಬ ಕೀಪರ್‌ನನ್ನು ಕರೆಸುತ್ತಿದ್ದೇವೆ, ಇಬ್ಬರ ಟ್ರಯಲ್ಲೂ ಒಂದೇ ದಿನ ಹಾಸನದಲ್ಲಿ ಎಂದು ಹೇಳಿ ಕಳಿಸಿದರು.

ಜುಲೈ, ಆಗಸ್ಟ್ ಪೂರ್ತಿ ಅಣ್ಣ ಎಸ್ಟೇಟಿನ ಖಾಲಿ ಗೋಡೌನಿನಲ್ಲಿ ಎಡಕ್ಕೆ ಬೀಳುವುದನ್ನು ಕಲಿತ. ಕಾಫಿಯ ಒಣಸಿಪ್ಪೆ ತುಂಬಿದ ಗೋಣಿಚೀಲಗಳನ್ನು ನೆಲಕ್ಕೆ ಹಾಸಿ ಹಾಸಿಗೆ ಮಾಡಿಕೊಂಡಿದ್ದ. ಹಾಜರಿ ಬರೆದು ಮುಗಿಸಿ ಬಂದು ಪ್ಯಾಡು ಕಟ್ಟಿ ನಿಲ್ಲುತ್ತಿದ್ದ, ಚೆಂಡು ಹೊಡೆಯುವುದು ನಾನು. ಮೊದಮೊದಲು ಅವನ ಮೈ ಅರ್ಧ ವಾಲಿ ಅಲ್ಲೇ ನಿಂತುಬಿಡುತ್ತಿತ್ತು. ಬೀಳಬೇಕು ಎಂದು ಅವನಿಗೆ ಗೊತ್ತು, ಭುಜಕ್ಕೆ ಗೊತ್ತಿಲ್ಲ. ನಾನು ಮೆತ್ತಗೆ ಹೊಡೆದರೆ ಸಿಟ್ಟಾಗುತ್ತಿದ್ದ.

"ಹಾಸನದಲ್ಲೂ ಹೀಗೇ ಹೊಡೀತಾರೇನೆ? ಲಾಲಿ ಹಾಡ್ದಂಗೆ?"

ಜೋರಾಗಿ ಹೊಡೆದೆ. ಬಿದ್ದ. ಸಿಪ್ಪೆಯ ಧೂಳೆದ್ದು ಇಬ್ಬರೂ ಸೀನಿದೆವು. ಅವನು ಏಳುವಾಗ ಮುಖ ತಿರುಗಿಸಿಕೊಂಡು ಎದ್ದ. ನೋವಾಯಿತಾ ಎಂದು ಕೇಳಬಾರದೆಂದು ನನಗೆ ಅಷ್ಟರಲ್ಲಿ ಬುದ್ಧಿ ಬಂದಿತ್ತು.

ಟ್ರಯಲ್ ದಿನ ನಾನೂ ಹೋದೆ. ಕೊಡಗಿನವನು ಉದ್ದಕ್ಕೆ, ತೆಳ್ಳಗೆ, ಬಹಳ ವಿನಯ. ಅಣ್ಣನ ಪ್ಯಾಡಿನ ಪಟ್ಟಿ ಸಡಿಲವಾಗಿದ್ದದ್ದನ್ನು ಅವನೇ ಬಗ್ಗಿ ಬಿಗಿದ. ದ್ವೇಷಿಸಲು ಏನಾದರೊಂದು ಕಾರಣ ಕೊಡಬಾರದೇ ಎನಿಸಿತು. ಅಣ್ಣ ಎಡಕ್ಕೆ ಎಷ್ಟೋ ಸಲ ಬಿದ್ದ. ಒಮ್ಮೆ ಮಾತ್ರ ಬಿದ್ದವನು ಏಳಲು ತಡ ಮಾಡಿದ. ಅಧ್ಯಕ್ಷರು ಕುರ್ಚಿಯಿಂದ ಮುಂದಕ್ಕೆ ಬಾಗಿ ಏನೋ ಬರೆದುಕೊಂಡರು. ಆಮೇಲೆ ಆ ಹುಡುಗ ನಿಂತ. ಚೆನ್ನಾಗಿ ಆಡಿದ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಆದರೆ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ ನನ್ನ ಕಣ್ಣಿಗೆ ಒಂದು ಬಿತ್ತು. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ಹೊಡೆಯುವ ಮೊದಲೇ ಸ್ಟಿಕ್ ಹಿಡಿದ ಬಲಗೈಯನ್ನು ಎತ್ತಿಬಿಡುತ್ತಾನೆ. ಆ ಕೈಯ ಕೆಳಗೆ ಕೊಡೆ ತೂರುವಷ್ಟು ಜಾಗ ತೆರೆಯುತ್ತದೆ. ಎರಡು ಸಲ ನೋಡಿದೆ, ಮೂರನೆಯ ಸಲ ಖಾತ್ರಿಯಾಯಿತು. ಯಾರಿಗೂ ಹೇಳಲಿಲ್ಲ.

ಒಂದು ವಾರದ ಮೇಲೆ ತಂಡದ ವಾಟ್ಸಾಪ್ ಗುಂಪಿಗೆ ಪಟ್ಟಿ ಬಂತು. ಹೊಸ ಕೋಚ್. ಪಂಜಾಬಿನವನು ಇಲ್ಲ, ಮುಂದಿನ ಸಾಲಿನ ಇಬ್ಬರು ಇಲ್ಲ. ಕ್ಯಾಪ್ಟನ್ ಇದ್ದಾನೆ. ಗೋಲ್‌ಕೀಪರ್ ಎಂಬ ಸಾಲಿನಲ್ಲಿ ಎರಡು ಹೆಸರು, ಒಂದರ ಪಕ್ಕ ಒಂದು.

"ಇದು ಪಾಸಾ, ಫೇಲಾ?" ಅತ್ತಿಗೆ ಕೇಳಿದಳು.

"ಕ್ವಾರ್ಟರ್ಸ್ ಪಾಸು," ಎಂದ ಅಣ್ಣ.

"ನೀವು?"

"ಯಾರು ಆಡೋದು ಅಂತ ಮ್ಯಾಚಿನ ದಿನ ಬೆಳಿಗ್ಗೆ ಹೇಳ್ತಾರಂತೆ. ಪ್ರತಿ ಮ್ಯಾಚಿಗೂ. ಆದ್ರೆ ಇದು ಈ ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಒಬ್ರೇ."

ಅತ್ತಿಗೆ ಹರಕೆ ತೀರಿಸಲು ಹೊರನಾಡಿಗೆ ಹೋಗುವುದು ಈಗಲೋ ಮುಂದಿನ ವರ್ಷವೋ ಎಂದು ಲೆಕ್ಕ ಹಾಕುತ್ತಾ ಒಳಗೆ ಹೋದಳು. ಅಣ್ಣ ಜಗಲಿಯಲ್ಲಿ ನನ್ನ ಪಕ್ಕ ಕೂತ.

"ಹಾಸನದಲ್ಲಿ ಆ ಹುಡುಗನ ಆಟ ನೋಡಿದ್ಯಲ್ಲ. ಏನಾದ್ರೂ ಕಂಡಿತಾ?"

ಸುಳ್ಳು ಹೇಳಬಹುದಿತ್ತು. "ಕಂಡಿತು," ಎಂದೆ.

"ನಂಗೆ ಹೇಳ್ಬೇಡ. ಅವನಿಗೆ ಹೇಳು."

ನನಗೆ ಸಿಟ್ಟು ಬಂತು. ಅವನಿಗೆ ಹೇಳುವ ಕರ್ತವ್ಯ ಕೋಚ್‌ನದು, ನನ್ನದಲ್ಲ ಎಂದೆ. ಅವನ ದೋಷ ತಾನಾಗಿಯೇ ಬಯಲಾಗುತ್ತದೆ, ಕಾಯುವುದು ಮೋಸವಲ್ಲ ಎಂದೆ. ಮುಂದಿನ ವರ್ಷ ಈ ಮನೆ ಇಲ್ಲದಿದ್ದರೆ ಅತ್ತಿಗೆಗೆ ನೀನೇ ಉತ್ತರ ಕೊಡು ಎಂದೂ ಹೇಳಿದೆ. ನನ್ನ ವಾದದಲ್ಲಿ ತೂತಿರಲಿಲ್ಲ.

"ಒಂದು ವರ್ಷ ನಂಗೆ ಯಾರೂ ಹೇಳ್ಲಿಲ್ಲ," ಎಂದ. "ಕ್ಯಾಪ್ಟನ್‌ಗೆ ಗೊತ್ತಿತ್ತು, ಪ್ರೀತಿಗೆ ಮುಚ್ಚಿಟ್ಟ. ಎದುರು ಟೀಮಿನವ್ರಿಗೂ ಗೊತ್ತಿತ್ತು ಕಾಣುತ್ತೆ. ನಂಗೊಬ್ಬನಿಗೇ ಗೊತ್ತಿರ್ಲಿಲ್ಲ. ಬಲಕ್ಕೆ ಚೆನ್ನಾಗಿ ಬೀಳ್ತೀನಿ ಅಂದ್ಕೊಂಡು ನಿಂತಿದ್ದೆ."

ಆ ಹುಡುಗನ ನಂಬರ್ ನನ್ನ ಫೋನಿಗೆ ಕಳಿಸಿ ಎದ್ದುಹೋದ.

ನಾಲ್ಕು ದಿನ ಸುಮ್ಮನಿದ್ದೆ. ಸೀಸನ್ ಶುರುವಾಗಲು ಇನ್ನು ಮೂರು ವಾರ. ಆ ನಾಲ್ಕು ದಿನವೂ ಆಫೀಸಿನಲ್ಲಿ ಫೈಲು ತೆರೆದರೆ ಆ ಎತ್ತಿದ ಬಲಗೈ, ಅದರ ಕೆಳಗಿನ ಜಾಗ. ಅದೊಂದು ನನ್ನ ಬಳಿ ಇರುವವರೆಗೆ ಅಣ್ಣ ಮೊದಲ ಕೀಪರ್ ಆಗುವ ಸಾಧ್ಯತೆ ಒಂದು ಕೂದಲೆಳೆಯಷ್ಟಾದರೂ ಹೆಚ್ಚು. ಐದನೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಸಂದೇಶ ಬರೆದೆ. ಪೀಠಿಕೆ ಇಲ್ಲ, ಸಮರ್ಥನೆ ಇಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ನಿಮ್ಮ ಬಲಗೈ ಬೇಗ ಎದ್ದುಬಿಡುತ್ತದೆ, ವಿಡಿಯೋ ನೋಡಿಕೊಳ್ಳಿ. ಟ್ರಯಲ್ ದಿನ ಫೋನಿನಲ್ಲಿ ಹಿಡಿದಿದ್ದ ಮೂರು ತುಣುಕುಗಳನ್ನೂ ಹಾಕಿ ಕಳಿಸಿದೆ.

ಸಂದೇಶ ಓದಿದ ಗುರುತು ತಕ್ಷಣ ಬಂತು. ಆಮೇಲೆ ಒಂದೇ ಸಾಲು.

"ನೋಡ್ದೆ. ಹೌದು. ಯಾರು ಇದು?"

ಎರಡನೇ ಗೋಲ್‌ಕೀಪರ್‌ನ ತಂಗಿ ಎಂದು ಬರೆದೆ. ಕಳಿಸುವ ಮೊದಲು 'ಎರಡನೇ' ಅಳಿಸಿ 'ಇನ್ನೊಬ್ಬ' ಎಂದು ಹಾಕಿದೆ.